ಸಕ್ಕರೆ ಬೀಟ್ ಹೊಲಗಳ ನಡುವೆ ಎಂಟನೇ ವಾಯುಸೇನೆ: ಈಸ್ಟ್ ಆಂಗ್ಲಿಯಾದಲ್ಲಿ ಆರು ದಿನ

ಬೆಂಗಳೂರಿನ ವಿಮಾನಪುರದಲ್ಲಿ ಬೆಳೆದ ನನಗೆ ‘ಲಿಬರೇಟರ್’ ಎಂಬ ಪದ ಇಂಗ್ಲಿಷ್ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದ ತಂದೆಯವರು ರಾತ್ರಿ ಊಟದ ನಂತರ ಹೇಳುತ್ತಿದ್ದ ಕಥೆಗಳಲ್ಲಿ ರಾಮನಿಗಿಂತ ಹೆಚ್ಚಾಗಿ ಈ ನಾಲ್ಕು ಎಂಜಿನ್ನಿನ ಬಾಂಬರ್ ಬರುತ್ತಿತ್ತು. ನಿವೃತ್ತನಾದ ಮೇಲೆ ಮಗಳ ಮನೆಗೆಂದು ಕೇಂಬ್ರಿಜ್‌ಗೆ ಹೋದಾಗ, ಆ ವಿಮಾನ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹಾರಿದ ನಾಡು ಅವಳ ಹಿತ್ತಲಿನಿಂದಲೇ ಆರಂಭವಾಗುತ್ತದೆಂದು ತಿಳಿಯಿತು. ಅಮೆರಿಕದ ಎಂಟನೇ ವಾಯುಸೇನೆ ಎರಡನೆಯ ಮಹಾಯುದ್ಧದಲ್ಲಿ ನೆಲೆಸಿದ್ದು ಲಂಡನ್ನಿನ ಈಶಾನ್ಯಕ್ಕೆ ಹಾಸಿರುವ, ಈಸ್ಟ್ ಆಂಗ್ಲಿಯಾ ಎಂಬ ಈ ಸಪಾಟು ಕೃಷಿಭೂಮಿಯಲ್ಲಿ. ಅಕ್ಟೋಬರ್ ಮೊದಲ ವಾರದಲ್ಲಿ ಅಳಿಯ ರಜೆ ಹಾಕಿದರು. ನನ್ನಾಕೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಮತ್ತು ಮೂರು ದಿನಕ್ಕಾಗುವಷ್ಟು ಚಪಾತಿ ಕಟ್ಟಿಕೊಂಡಳು.

ಮೊದಲ ದಿನ: ಮ್ಯಾಡಿಂಗ್ಲಿ, ಕೇಂಬ್ರಿಜ್

ಕೇಂಬ್ರಿಜ್‌ನಿಂದ ಪಶ್ಚಿಮಕ್ಕೆ ನಾಲ್ಕೈದು ಕಿಲೋಮೀಟರ್ ದೂರದಲ್ಲಿ, ಒಂದು ಇಳಿಜಾರಿನ ಮೇಲೆ, ಅಮೆರಿಕದ ಸೈನಿಕ ಸ್ಮಶಾನವಿದೆ. ಜಾಗ ಕೊಟ್ಟದ್ದು ಕೇಂಬ್ರಿಜ್ ವಿಶ್ವವಿದ್ಯಾಲಯ. 3,800ಕ್ಕೂ ಹೆಚ್ಚು ಬಿಳಿಯ ಅಮೃತಶಿಲೆಯ ಕಲ್ಲುಗಳು ಬಾಗಿದ ಸಾಲುಗಳಲ್ಲಿ ನಿಂತಿವೆ. ಒಂದು ಬದಿಯಲ್ಲಿ ಉದ್ದನೆಯ ಗೋಡೆ. ಅದರ ಮೇಲೆ ದೇಹವೇ ಸಿಗದ 5,100ಕ್ಕೂ ಹೆಚ್ಚು ಜನರ ಹೆಸರುಗಳು. ಎಲ್ಲರೂ ವಾಯುಸೇನೆಯವರಲ್ಲ, ಆದರೆ ದೊಡ್ಡ ಪಾಲು ಅವರದೇ. ಕೆಲವು ಹೆಸರುಗಳ ಪಕ್ಕದಲ್ಲಿ ಕಂಚಿನ ಸಣ್ಣ ಹೂವಿನ ಗುರುತಿದೆ. ಆಮೇಲೆ ಎಲ್ಲೋ ಹೊಲದಲ್ಲೋ ಸಮುದ್ರದಲ್ಲೋ ಅವಶೇಷ ಸಿಕ್ಕಿ ಗುರುತು ಹಿಡಿಯಲಾದವರಿಗೆ ಆ ಹೂವು ಸಲ್ಲುತ್ತದೆಂದು ಅಲ್ಲಿನ ಸಿಬ್ಬಂದಿಯೊಬ್ಬರು ಹೇಳಿದರು. ನನ್ನಾಕೆ ಗೋಡೆಯ ಉದ್ದಕ್ಕೂ ನಡೆದು ಹೂವುಗಳನ್ನಷ್ಟೇ ಎಣಿಸತೊಡಗಿದಳು. ತುಂತುರು ಮಳೆ ಜೋರಾದದ್ದರಿಂದ ಲೆಕ್ಕ ಅರ್ಧಕ್ಕೇ ನಿಂತಿತು.

ಇಷ್ಟು ದೊಡ್ಡ ಸೇನೆ ಆರಂಭವಾದ ರೀತಿ ಮಾತ್ರ ಬಲು ಸಣ್ಣದು. 1942ರ ಜನವರಿಯಲ್ಲಿ ಜಾರ್ಜಿಯಾ ರಾಜ್ಯದ ಸವಾನಾದಲ್ಲಿ ಕಾಗದದ ಮೇಲೆ ಹುಟ್ಟಿದ ಈ ಘಟಕದ ಬಾಂಬರ್ ವಿಭಾಗವನ್ನು ಕಟ್ಟಲು ಮರುತಿಂಗಳು ಐರಾ ಈಕರ್ ಎಂಬ ಜನರಲ್ ಇಂಗ್ಲೆಂಡಿಗೆ ಬಂದಾಗ ಅವರ ಜತೆಗಿದ್ದವರು ಆರೇ ಆರು ಅಧಿಕಾರಿಗಳು; ವಿಮಾನ ಒಂದೂ ಇರಲಿಲ್ಲ. ಕಚೇರಿಗಾಗಿ ಹೈ ವಿಕಂಬ್‌ನ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರವುಗೊಳಿಸಿಕೊಟ್ಟರು. ಭಾರೀ ಬಾಂಬರ್‌ಗಳ ಮೊದಲ ದಾಳಿ ನಡೆದದ್ದು ಅದೇ ವರ್ಷ ಆಗಸ್ಟ್ 17ರಂದು. ಹನ್ನೆರಡು ಬಿ-17 ವಿಮಾನಗಳು ಫ್ರಾನ್ಸಿನ ರುಆನ್ ಪಟ್ಟಣದ ರೈಲು ಯಾರ್ಡಿನ ಮೇಲೆ ಬಾಂಬು ಹಾಕಿ ಹನ್ನೆರಡೂ ಮರಳಿದವು. ಎರಡು ವರ್ಷ ಕಳೆಯುವಷ್ಟರಲ್ಲಿ ಇದೇ ಸೇನೆಯ ಬಲ ಎರಡು ಲಕ್ಷ ಜನರನ್ನು ದಾಟಿತ್ತು. ಆ ಆರು ಅಧಿಕಾರಿಗಳಲ್ಲಿ ಒಬ್ಬರ ಹೆಸರು ಫ್ರೆಡರಿಕ್ ಕ್ಯಾಸಲ್. ಅವರ ವಿಷಯ ಐದನೆಯ ದಿನ ಬರುತ್ತದೆ.

ಮಧ್ಯಾಹ್ನ ಊರೊಳಗಿನ ‘ಈಗಲ್’ ಪಬ್ಬಿಗೆ ಹೋದೆವು. ಡಿಎನ್‌ಎ ರಚನೆಯನ್ನು 1953ರಲ್ಲಿ ವಿಜ್ಞಾನಿ ಫ್ರಾನ್ಸಿಸ್ ಕ್ರಿಕ್ ಮೊದಲು ಸಾರಿದ್ದು ಇಲ್ಲಿಯೇ ಎಂದು ಪ್ರವಾಸಿಗರೆಲ್ಲ ಮುಂಭಾಗದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಹಿಂದಿನ ಕೋಣೆಯ ಸೂರು ನೋಡದೆ ಬರಬಾರದು. ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಿಗರು ಲೈಟರ್, ಮೇಣದಬತ್ತಿ, ಲಿಪ್‌ಸ್ಟಿಕ್‌ಗಳಿಂದ ತಮ್ಮ ಹೆಸರು ಮತ್ತು ಸ್ಕ್ವಾಡ್ರನ್ ಸಂಖ್ಯೆಗಳನ್ನು ಅಲ್ಲಿ ಬರೆದಿದ್ದಾರೆ. ಕತ್ತೆತ್ತಿ ಓದುತ್ತಿದ್ದ ನನ್ನ ಮುಂದೆ ಆಲೂಗಡ್ಡೆ ಚಿಪ್ಸು ಆರಿ ತಣ್ಣಗಾಯಿತು. ಬೆಳಿಗ್ಗೆ ಕಂಡ ಗೋಡೆಯ ಹೆಸರುಗಳು ಒಂದೇ ಅಳತೆಯ ಅಕ್ಷರಗಳಲ್ಲಿದ್ದವು. ಇಲ್ಲಿಯವು ಶಾಲೆಯ ಬೆಂಚಿನ ಮೇಲೆ ಕೊರೆದ ಹುಡುಗರ ಹೆಸರುಗಳಂತೆ ಓರೆಕೋರೆಯಾಗಿದ್ದವು. ವಯಸ್ಸೂ ಹೆಚ್ಚುಕಡಿಮೆ ಅದೇ.

ಎರಡನೆಯ ದಿನ: ಡಕ್ಸ್‌ಫರ್ಡ್

ಡಕ್ಸ್‌ಫರ್ಡ್ ವಿಮಾನ ಮ್ಯೂಸಿಯಂ ಬಗ್ಗೆ ಎಲ್ಲರೂ ಬರೆಯುತ್ತಾರಾದ್ದರಿಂದ ಚುಟುಕಾಗಿ ಹೇಳುತ್ತೇನೆ. ಯುದ್ಧಕಾಲದಲ್ಲಿ ಎಂಟನೇ ವಾಯುಸೇನೆಯ 78ನೇ ಫೈಟರ್ ಗ್ರೂಪ್ ಇದ್ದ ಈ ನೆಲೆಯಲ್ಲಿ, ನಾರ್ಮನ್ ಫಾಸ್ಟರ್ ವಿನ್ಯಾಸಗೊಳಿಸಿ 1997ರಲ್ಲಿ ತೆರೆದ ಅಮೆರಿಕನ್ ವಿಭಾಗಕ್ಕೇ ಮೊದಲು ಹೋಗುವುದು ಒಳ್ಳೆಯದು. ಸಾಲಿನ ಮೊದಲ ಹ್ಯಾಂಗರಿನಿಂದ ಆರಂಭಿಸಿದವರು ಕೊನೆಯಲ್ಲಿರುವ ಇದನ್ನು ತಲುಪುವಾಗ ಕಾಲು ಸೋತಿರುತ್ತದೆ, ನಮಗಾದದ್ದೂ ಅದೇ. ಕಟ್ಟಡದ ಹೊರಗೆ 52 ಗಾಜಿನ ಫಲಕಗಳಿವೆ. ಬ್ರಿಟನ್ನಿನಿಂದ ಹಾರಿ ಹಿಂದಿರುಗದ ಅಮೆರಿಕದ 7,031 ವಿಮಾನಗಳ ಆಕಾರವನ್ನು ಒಂದೊಂದಾಗಿ ಅವುಗಳ ಮೇಲೆ ಕೊರೆದಿದ್ದಾರೆ. ದೂರದಿಂದ ಗಾಜಿಗೆ ಮಂಜು ಹಿಡಿದಂತೆ ಕಾಣುತ್ತದೆ.

ಒಳಗೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಬಾಂಬರ್‌ಗಳಲ್ಲ, ಫೈಟರ್‌ಗಳ ಕೆಳಗೆ ತೂಗಿಬಿಡುತ್ತಿದ್ದ ಹೆಚ್ಚುವರಿ ಪೆಟ್ರೋಲ್ ಟ್ಯಾಂಕುಗಳ ಕಥೆ. ಒತ್ತೊತ್ತಾಗಿ ವ್ಯೂಹ ಕಟ್ಟಿ ಹಾರುವ ಬಿ-17ಗಳು ತಮ್ಮ ಮೆಷಿನ್‌ಗನ್ನುಗಳಿಂದಲೇ ತಮ್ಮನ್ನು ಕಾಪಾಡಿಕೊಳ್ಳಬಲ್ಲವು ಎಂಬುದು ಅಮೆರಿಕನ್ ಸೇನಾನಿಗಳ ದೃಢ ನಂಬಿಕೆಯಾಗಿತ್ತು. 1943ರ ಅಕ್ಟೋಬರ್ 14ರಂದು ಬಾಲ್ ಬೇರಿಂಗ್ ಕಾರ್ಖಾನೆಗಳಿದ್ದ ಜರ್ಮನಿಯ ಶ್ವೈನ್‌ಫರ್ಟ್ ಕಡೆಗೆ ಹೊರಟ 291 ಬಾಂಬರ್‌ಗಳಲ್ಲಿ 60 ಉರುಳಿದವು. ಒಂದೊಂದರಲ್ಲೂ ಹತ್ತು ಜನ. ಕಾವಲಿಗೆ ಹೋಗಿದ್ದ ಫೈಟರ್‌ಗಳು ಇಂಧನ ಸಾಲದೆ ಅರ್ಧದಾರಿಯಲ್ಲೇ ಹಿಂದಿರುಗಿದ್ದವು. ಆಮೇಲೆ ಬಂದ ಮಸ್ಟ್ಯಾಂಗ್ ಫೈಟರ್, ಅದರೊಳಗಿನ ಮರ್ಲಿನ್ ಎಂಜಿನ್, ಮತ್ತು ಲೋಹ ಉಳಿಸಲು ಬ್ರಿಟನ್ನಿನಲ್ಲಿ ಗಟ್ಟಿಕಾಗದದಿಂದ ಮಾಡಿದ, ಖಾಲಿಯಾದ ಕೂಡಲೇ ಕಳಚಿ ಎಸೆಯುವ ಟ್ಯಾಂಕುಗಳು ಸೇರಿ ಈ ಸೇನೆಯನ್ನು ಉಳಿಸಿದವು ಎಂದರೆ ತಪ್ಪಾಗಲಾರದು. 1944ರ ಜನವರಿಯಲ್ಲಿ ಎಂಟನೇ ವಾಯುಸೇನೆಯ ಅಧಿಕಾರ ವಹಿಸಿಕೊಂಡ ಜನರಲ್ ಜಿಮ್ಮಿ ಡೂಲಿಟ್ಲ್, ಫೈಟರ್‌ಗಳು ಬಾಂಬರ್‌ಗಳ ಪಕ್ಕದಲ್ಲೇ ಅಂಟಿಕೊಂಡಿರದೆ ಮುಂದೆ ಹೋಗಿ ಜರ್ಮನ್ ವಿಮಾನಗಳನ್ನು ಬೇಟೆಯಾಡಲಿ ಎಂದು ಆದೇಶಿಸಿದರು. ಕಾಗದದ ಟ್ಯಾಂಕೆಂದರೆ ಅಳಿಯ ಮೊದಲು ನಂಬಲಿಲ್ಲ. “ಮಾವ, ಪೆಟ್ರೋಲ್ ಸೋರುವುದಿಲ್ಲವೇ?” ಎಂದು ಕೇಳಿದರು. ಕೆಲವು ಗಂಟೆಗಳ ಕಾಲ ಸೋರದಿದ್ದರೆ ಸಾಕಿತ್ತಲ್ಲ!

ಮೂರನೆಯ ದಿನ: ಎಲ್ವೆಡನ್ ದಾರಿಯಾಗಿ ನಾರಿಚ್

ಎ11 ಹೆದ್ದಾರಿಯಲ್ಲಿ ಥೆಟ್‌ಫರ್ಡ್ ಮುಟ್ಟುವ ಮೊದಲು ಪೈನ್ ಮರಗಳ ನಡುವೆ ಎಲ್ವೆಡನ್ ಎಂಬ ಸಣ್ಣ ಊರು ಸಿಗುತ್ತದೆ. ಹೊಸ ಹೆದ್ದಾರಿ ಊರನ್ನು ಬಳಸಿ ಹೋಗುವುದರಿಂದ ಫಲಕ ನೋಡಿಕೊಂಡು ತಿರುಗದಿದ್ದರೆ ದಾಟಿಯೇ ಹೋಗುತ್ತೀರಿ. ನಾವು ದಾಟಿಹೋಗಿ, ಮುಂದೆಲ್ಲೋ ತಿರುಗಿಸಿಕೊಂಡು ಬಂದೆವು. ಸಿಖ್ ಸಾಮ್ರಾಜ್ಯದ ಕೊನೆಯ ಅರಸ ದುಲೀಪ್ ಸಿಂಗ್, ರಾಜ್ಯ ಕಳೆದುಕೊಂಡ ಮೇಲೆ ಕೊಂಡು ಒಳಾಂಗಣವನ್ನು ಭಾರತೀಯ ಶೈಲಿಯಲ್ಲಿ ಅಲಂಕರಿಸಿದ ಬಂಗಲೆ ಇಲ್ಲಿದೆ. ಅದು ಖಾಸಗಿ ಸ್ವತ್ತು, ಒಳಗೆ ಬಿಡುವುದಿಲ್ಲ. ಪಕ್ಕದ ಚರ್ಚಿನ ಅಂಗಳದಲ್ಲಿ ಅವನ ಸಮಾಧಿಯನ್ನು ನೋಡಬಹುದು. ಎಂಟನೇ ವಾಯುಸೇನೆಯನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿದಾಗ, ಸಫೋಕ್ ಸೀಮೆಯ ನೆಲೆಗಳನ್ನು ನೋಡಿಕೊಳ್ಳುತ್ತಿದ್ದ ಮೂರನೆಯ ಡಿವಿಷನ್ನಿನ ಮುಖ್ಯ ಕಚೇರಿ ಕುಳಿತದ್ದು ಈ ಬಂಗಲೆಯಲ್ಲಿ. ಲಾಹೋರಿನ ನೆನಪಿಗಾಗಿ ಕೆತ್ತಿಸಿದ ಕಂಬಗಳ ಕೆಳಗೆ ಕುಳಿತು ಜರ್ಮನಿಯ ಯಾವ ಊರಿಗೆ ಎಷ್ಟು ವಿಮಾನ ಎಂದು ಅಧಿಕಾರಿಗಳು ಲೆಕ್ಕ ಹಾಕಿದ್ದಿರಬೇಕು. ಚರ್ಚಿನಲ್ಲಿ ಹೂ ಜೋಡಿಸುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ಕಂಡೊಡನೆ ದುಲೀಪ್ ಸಿಂಗನ ಸಮಾಧಿಯತ್ತ ಕೈ ತೋರಿಸಿದರು. ನಾವು ವಿಮಾನಿಗರ ನೆನಪಿನ ಬಣ್ಣದ ಗಾಜಿನ ಕಿಟಕಿ ಎಲ್ಲಿ ಎಂದು ಕೇಳಿದಾಗ ಅವರಿಗೆ ಆಶ್ಚರ್ಯವಾಯಿತು. “ಭಾರತದಿಂದ ಬಂದವರು ಇದನ್ನು ಕೇಳಿದ್ದು ನನಗೆ ಇದೇ ಮೊದಲು,” ಎಂದು ನಕ್ಕರು.

ನಾರಿಚ್ ಸುತ್ತಲಿನ ನಾರ್ಫೋಕ್ ಸೀಮೆ ಎರಡನೆಯ ಡಿವಿಷನ್ನಿನದು, ಅಂದರೆ ಲಿಬರೇಟರ್‌ಗಳದು. ನಗರದ ಫೋರಂ ಕಟ್ಟಡದೊಳಗಿನ ಗ್ರಂಥಾಲಯದ ಒಂದು ಭಾಗ ಆ ಡಿವಿಷನ್ನಿನ ಸ್ಮಾರಕ. 1945ರಲ್ಲಿ ಮನೆಗೆ ಹೊರಡುವ ಮುನ್ನ ಸೈನಿಕರೇ ಚಂದಾ ಎತ್ತಿ, ಕಲ್ಲಿನ ಕಂಬ ಬೇಡ, ಊರವರು ಓದುವ ಪುಸ್ತಕಗಳಿರಲಿ ಎಂದು ತೀರ್ಮಾನಿಸಿದರಂತೆ. 1963ರಲ್ಲಿ ತೆರೆದ ಆ ಗ್ರಂಥಾಲಯ 1994ರ ಬೆಂಕಿಯಲ್ಲಿ ಸುಟ್ಟುಹೋಗಿ, 2001ರಲ್ಲಿ ಈ ಹೊಸ ಕಟ್ಟಡದಲ್ಲಿ ಮತ್ತೆ ನೆಲೆ ಕಂಡಿತು. ಸತ್ತ ಸುಮಾರು ಏಳು ಸಾವಿರ ಜನರ ಹೆಸರುಗಳ ಪುಸ್ತಕ ಅಲ್ಲಿದೆ. ಅದರ ಪಕ್ಕದ ಮೇಜಿನಲ್ಲಿ ಹುಡುಗಿಯೊಬ್ಬಳು ಹೋಂವರ್ಕ್ ಮಾಡುತ್ತಿದ್ದಳು. ನಾನು ಕಂಡ ಯುದ್ಧ ಸ್ಮಾರಕಗಳಲ್ಲೆಲ್ಲ ನನಗೆ ಹೆಚ್ಚು ಹಿಡಿಸಿದ್ದು ಇದು.

ಮೋಡದ ಮೇಲೆ ನೂರಾರು ವಿಮಾನಗಳನ್ನು ಡಿಕ್ಕಿಯಾಗದಂತೆ ಸೇರಿಸಿ ವ್ಯೂಹ ಕಟ್ಟುವುದೇ ದಿನದ ಮೊದಲ ಗಂಡಾಂತರವಾಗಿತ್ತೆಂದು ಅಲ್ಲಿಯ ಚಿತ್ರಗಳಿಂದ ತಿಳಿಯಿತು. ಅದಕ್ಕಾಗಿ ಹಳೆಯ ಲಿಬರೇಟರ್‌ಗಳಿಗೆ ಚುಕ್ಕಿ, ಪಟ್ಟೆ, ಚೌಕುಳಿ ಎಂದು ಜಾತ್ರೆಯ ಬಸವನಂತೆ ಬಣ್ಣ ಬಳಿದು ಮೇಲೆ ಕಳಿಸುತ್ತಿದ್ದರು. ತಮ್ಮ ಗುಂಪಿನ ಬಸವನ ಹಿಂದೆ ಎಲ್ಲರೂ ಜಮಾಯಿಸಿದ ಮೇಲೆ ಅದು ಇಳಿದುಬರುತ್ತಿತ್ತು, ಉಳಿದವರು ಜರ್ಮನಿಯ ಕಡೆಗೆ ತಿರುಗುತ್ತಿದ್ದರು.

ನಾಲ್ಕನೆಯ ದಿನ: ಥಾರ್ಪ್ ಆಬಟ್ಸ್

ಪ್ರವಾಸದ ದಿನಾಂಕಗಳನ್ನೆಲ್ಲ ನಾವು ಹೊಂದಿಸಿದ್ದು ಈ ಒಂದು ಶನಿವಾರಕ್ಕಾಗಿ, ಏಕೆಂದರೆ ಇಲ್ಲಿನ ಹಳ್ಳಿ ಮ್ಯೂಸಿಯಂಗಳು ಸ್ವಯಂಸೇವಕರಿಂದ ನಡೆಯುವಂಥವು. ಬಹುಮಟ್ಟಿಗೆ ವಾರಾಂತ್ಯಗಳಲ್ಲಿ ತೆರೆದಿದ್ದು ಚಳಿಗಾಲ ಬಂತೆಂದರೆ ಬಾಗಿಲು ಹಾಕುತ್ತವೆ. ನಾರಿಚ್‌ನಿಂದ ದಕ್ಷಿಣಕ್ಕೆ ಹೊರಟ ನಮ್ಮನ್ನು ಫೋನಿನ ನಕ್ಷೆ ಮುಖ್ಯರಸ್ತೆ ಬಿಡಿಸಿ, ಎರಡೂ ಕಡೆ ಎದೆಯೆತ್ತರ ಬೇಲಿಯಿರುವ ಓಣಿಗೆ ಇಳಿಸಿತು. ಎದುರಿಗೆ ಬೀಟ್ ಗಡ್ಡೆ ತುಂಬಿದ ಟ್ರ್ಯಾಕ್ಟರ್. ಅಳಿಯ ಹಿಂದಕ್ಕೆ ತೆಗೆದುಕೊಳ್ಳುವಾಗ ಎಡಗಾಲಿ ಚರಂಡಿಯ ಕೆಸರಿಗೆ ಇಳಿದು ಅಲ್ಲೇ ತಿರುಗತೊಡಗಿತು. ಟ್ರ್ಯಾಕ್ಟರಿನಿಂದ ಇಳಿದ ರೈತ ಏನೂ ಮಾತಾಡದೆ ಹಗ್ಗ ತಂದು, ಕಟ್ಟಿ, ಎಳೆದ ಮೇಲೆ, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ. ಹೇಳಿದೆವು. “ನೀವು ಆಗಲೇ ವಿಮಾನ ನಿಲ್ದಾಣದ ಮೇಲೆಯೇ ಇದ್ದೀರಿ,” ಎಂದ. ಓಣಿಯ ಅಂಚಿನ ಹುಲ್ಲನ್ನು ಬೂಟಿನಿಂದ ಸರಿಸಿ ತೋರಿಸಿದ: ಬಿರುಕು ಬಿಟ್ಟ ಬೂದು ಕಾಂಕ್ರೀಟು. ವಿಮಾನಗಳು ಸಾಲಾಗಿ ರನ್‌ವೇ ಕಡೆಗೆ ಹೋಗುತ್ತಿದ್ದ ಸುತ್ತುದಾರಿಯ ತುಣುಕಂತೆ. ಪ್ರತಿವರ್ಷ ಉಳುವಾಗ ಕಾಂಕ್ರೀಟಿನ ಚೂರುಗಳು ಮೇಲೇಳುತ್ತವೆ, ಗುಳ ಮುರಿಯುತ್ತವೆ ಎಂದು ದೂರಿದ. ದೂರುವಾಗಲೂ ಅವನ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಇತ್ತು.

ಈ ಸೀಮೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರಿಗೊಂದು ಇಂಥ ನೆಲೆಯಿತ್ತು. ಎರಡು ಸಾವಿರ ಗಜದ ಒಂದು ರನ್‌ವೇ, ಅದನ್ನು ಕತ್ತರಿಸುವ ಸಾವಿರದ ನಾಲ್ಕುನೂರು ಗಜದ ಎರಡು, ಸುತ್ತ ದಾರಿ, ಐವತ್ತು ವಿಮಾನ ನಿಲ್ಲುವ ಕಟ್ಟೆಗಳು, ಸುಮಾರು ಮೂರು ಸಾವಿರ ಜನ. ಕೆಲವು ನೂರು ಜನರ ಹಳ್ಳಿಯ ಹೊಲದಲ್ಲಿ ಒಂದೇ ವರ್ಷದಲ್ಲಿ ಒಂದು ಪಟ್ಟಣ ಎದ್ದು, ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಖಾಲಿಯಾಯಿತು. ಕಾಂಕ್ರೀಟನ್ನು ಒಡೆದು ರಸ್ತೆಗೆ ಹಾಕಿದರು. ಉಳಿದ ರನ್‌ವೇಗಳ ಮೇಲೆ ಕೆಲವೆಡೆ ಟರ್ಕಿ ಕೋಳಿಗಳ ಶೆಡ್ಡುಗಳು ಬಂದವು.

ಥಾರ್ಪ್ ಆಬಟ್ಸ್‌ನಲ್ಲಿ 100ನೇ ಬಾಂಬ್ ಗ್ರೂಪ್ ಇತ್ತು. 1943ರ ಜೂನ್‌ನಿಂದ 1945ರ ಏಪ್ರಿಲ್‌ವರೆಗೆ 306 ದಾಳಿಗಳು. ‘ರಕ್ತಸಿಕ್ತ ನೂರನೆಯದು’ ಎಂಬ ಅದರ ಅಡ್ಡಹೆಸರಿಗೆ ಒಟ್ಟು ನಷ್ಟಕ್ಕಿಂತಲೂ ಆ ನಷ್ಟ ಒಮ್ಮೊಮ್ಮೆ ಒಂದೇ ದಿನ ಬಂದು ಎರಗಿದ್ದೇ ಕಾರಣ. ಪಾಳುಬಿದ್ದಿದ್ದ ಕಂಟ್ರೋಲ್ ಟವರನ್ನು 1977ರಿಂದ ಊರವರೇ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಎರಡಂತಸ್ತಿನ, ನಮ್ಮ ಕಡೆಯ ಪ್ರವಾಸಿ ಬಂಗಲೆಯಷ್ಟೇ ಗಾತ್ರದ ಬಿಳಿಯ ಕಟ್ಟಡ. ಮೇಲೆ ಹತ್ತಿದರೆ ಸುತ್ತಲೂ ಕಟಾವಾದ ಗೋಧಿ ಹೊಲ, ಬೀಟ್ ಸೊಪ್ಪಿನ ಹಸಿರು, ಮತ್ತು ಅರ್ಧಕ್ಕಿಂತ ಹೆಚ್ಚು ಆಕಾಶ. ಗಾಳಿ ಎಷ್ಟು ಬೀಸುತ್ತಿತ್ತೆಂದರೆ ನನ್ನಾಕೆಯ ಶಾಲು ಕಂಬಿಗೆ ಸುತ್ತಿಕೊಂಡಿತು.

ಅಲ್ಲಿದ್ದ ವಯಸ್ಸಾದ ಸ್ವಯಂಸೇವಕರು, ನಾವು ಮಾತ್ರ ಇದ್ದುದರಿಂದಲೋ ಏನೋ, ನಮ್ಮೊಡನೆ ಒಂದು ಗಂಟೆ ಕುಳಿತರು. ಯುದ್ಧಕಾಲದಲ್ಲಿ ಅವರ ತಾಯಿ ವಿಮಾನಿಗರ ಬಟ್ಟೆ ಒಗೆದುಕೊಡುತ್ತಿದ್ದರಂತೆ. ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಗಳನ್ನು ಕೇಳಿಕೊಂಡು ಯಾರೂ ಬಾರದೆ ಹೋದ ವಾರಗಳಿದ್ದವು. ಅಮ್ಮ ಅವನ್ನು ಬೀರುವಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡಿದ್ದಳು, ಏಕೆ ಎಂದು ಕೇಳಲು ಆಗ ನನಗೆ ತಿಳಿಯುತ್ತಿರಲಿಲ್ಲ ಎಂದರು. ಬೆಳಗಿನ ಜಾವ ಎಂಜಿನ್ನುಗಳ ಸದ್ದಿಗೆ ಅಡುಗೆಮನೆಯ ಪಿಂಗಾಣಿ ಅದುರುತ್ತಿತ್ತು. ಮಧ್ಯಾಹ್ನ ಹಳ್ಳಿಯ ಹುಡುಗರೆಲ್ಲ ಬೇಲಿಯ ಮೇಲೆ ಕುಳಿತು ಮರಳುವ ವಿಮಾನಗಳನ್ನು ಎಣಿಸುತ್ತಿದ್ದರು.

1943ರ ಅಕ್ಟೋಬರ್ 10ರಂದು ಇಲ್ಲಿಯವರು ಎಣಿಸಿದ್ದು ಒಂದನ್ನು. ಮ್ಯೂನ್‌ಸ್ಟರ್ ನಗರದ ಮೇಲಿನ ಆ ದಾಳಿಯಲ್ಲಿ ಶತ್ರುನೆಲ ಮುಟ್ಟಿದ ಈ ಗುಂಪಿನ ಹದಿಮೂರು ಬಿ-17ಗಳಲ್ಲಿ ಹನ್ನೆರಡು ಬಿದ್ದವು. ರಾಬರ್ಟ್ ರೋಸೆಂಥಾಲ್ ನಡೆಸುತ್ತಿದ್ದ ‘ರಾಯಲ್ ಫ್ಲಶ್’ ಎರಡು ಎಂಜಿನ್ ಕಳೆದುಕೊಂಡು, ಗಾಯಾಳುಗಳನ್ನು ಹೊತ್ತು ಮರಳಿತು. ಆಗ 25 ದಾಳಿ ಮುಗಿಸಿದವನು ಮನೆಗೆ ಹೋಗಬಹುದಿತ್ತು. ಮುಂದೆ ಅದನ್ನು 30ಕ್ಕೂ 35ಕ್ಕೂ ಏರಿಸಿದರು. ರೋಸೆಂಥಾಲ್ 52 ಮುಗಿಸಿದರು. ವಕೀಲರಾಗಿದ್ದ ಅವರು ಯುದ್ಧದ ನಂತರ ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯ ಕೆಲಸಕ್ಕೂ ಹೋದರು.

ಅದೇ ಮ್ಯೂನ್‌ಸ್ಟರ್ ಕುರಿತು ಇನ್ನೊಂದು ಮಾತನ್ನೂ ಆ ಹಿರಿಯರು ತಾವಾಗಿಯೇ ಎತ್ತಿದರು. ಅಂದು ಭಾನುವಾರ, ಮತ್ತು ಗುರಿ ಕಾರ್ಖಾನೆಯಾಗಿರದೆ ಊರಿನ ನಡುಭಾಗವೇ ಆಗಿತ್ತು. ಎಂಟನೇ ವಾಯುಸೇನೆ ತನ್ನನ್ನು ನಿಖರ ಗುರಿಯ ಸೇನೆ ಎಂದು ಕರೆದುಕೊಳ್ಳುತ್ತಿದ್ದರೂ, ಮೋಡ ಕವಿದ ದಿನಗಳಲ್ಲಿ ರೇಡಾರ್ ನೆಚ್ಚಿ ಹಾಕಿದ ಬಾಂಬುಗಳು ಊರಿನ ಮೇಲೆಯೇ ಬೀಳುತ್ತಿದ್ದವು. ಜರ್ಮನಿಯ ಡ್ರೆಸ್ಡೆನ್ ನಗರದ ಮೇಲೆ ರಾತ್ರಿ ಬ್ರಿಟಿಷರು ಹೋದರೆ ಮರುದಿನ ಹಗಲು ಇವರು ಹೋದರು. ಹುಡುಗರ ಧೈರ್ಯವನ್ನು ಮೆಚ್ಚುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲವೆಂದೇ ನನಗೂ ಅನಿಸುತ್ತದೆ. ಇದೇ ವಿಮಾನಗಳು 1945ರ ಮೇ ತಿಂಗಳ ಮೊದಲ ವಾರ ಹಸಿದ ಹಾಲೆಂಡಿನ ಮೇಲೆ ತಗ್ಗಾಗಿ ಹಾರಿ ಬಾಂಬಿನ ಬದಲು ಆಹಾರದ ಪೊಟ್ಟಣಗಳನ್ನು ಉದುರಿಸಿದವು. ಇದನ್ನು ಕೇಳಿದ ನನ್ನಾಕೆ ಚೀಲದಿಂದ ಪುಳಿಯೋಗರೆ ಡಬ್ಬಿ ತೆಗೆದು ಅವರ ಮುಂದಿಟ್ಟಳು. ಅವರು ಎರಡು ಚಮಚ ತಿಂದು, ಕಣ್ಣಲ್ಲಿ ನೀರು ತುಂಬಿ, ಚಹಾ ಕೆಟಲ್ ಕಡೆಗೆ ಓಡಿದರು.

ಐದನೆಯ ದಿನ: ಲ್ಯಾವನಮ್

ಡಿಸ್ ಪಟ್ಟಣದಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಬರಿ ಸೇಂಟ್ ಎಡ್ಮಂಡ್ಸ್ ಮಾರ್ಗವಾಗಿ ಹೊರಟಾಗ ಊರ ಹೊರಗಿನ ಸಕ್ಕರೆ ಕಾರ್ಖಾನೆಯ ಆವಿ ದೂರದಿಂದಲೇ ಕಂಡಿತು. ವಾಸನೆ ಮಂಡ್ಯದ್ದಲ್ಲ, ಬೇಯಿಸಿದ ಗಡ್ಡೆಯ ಮಣ್ಣುವಾಸನೆ. ಆದರೂ ಗಾಜು ಇಳಿಸಿಕೊಂಡೇ ಹೋದೆವು. ಲ್ಯಾವನಮ್‌ನ ಮರದ ಚೌಕಟ್ಟಿನ ಮನೆಗಳು ಒಂದರ ಹೆಗಲಿಗೆ ಒಂದು ಒರಗಿ ನಿಂತಿವೆ. ಸ್ವಾನ್ ಹೋಟೆಲಿನ ಬಾರ್ ಗೋಡೆಯಲ್ಲಿ ಇಲ್ಲಿದ್ದ 487ನೇ ಗ್ರೂಪಿನ ಹುಡುಗರ ಸಹಿಗಳಿವೆ. ಒಂದು ಸ್ಕೋನ್ ಮತ್ತು ಚಹಾ ತರಿಸಿಕೊಂಡರೆ ನಿಧಾನವಾಗಿ ಓದಲು ಯಾರೂ ಅಡ್ಡಿ ಮಾಡುವುದಿಲ್ಲ.

ಮೊದಲ ಆರು ಅಧಿಕಾರಿಗಳಲ್ಲೊಬ್ಬರಾದ ಕ್ಯಾಸಲ್, ಬ್ರಿಗೇಡಿಯರ್ ಜನರಲ್ ಆಗಿ, 1944ರ ಡಿಸೆಂಬರ್ 24ರಂದು ಇಲ್ಲಿಂದ ಹೊರಟರು. ಬೆಲ್ಜಿಯಂನ ಕಾಡುಗಳಲ್ಲಿ ಜರ್ಮನ್ನರು ಮುನ್ನುಗ್ಗಿದ್ದರು. ಹಲವು ದಿನಗಳಿಂದ ಕವಿದಿದ್ದ ಮಂಜು ಸರಿದದ್ದೇ ತಡ, ಎಂಟನೇ ವಾಯುಸೇನೆ ತನ್ನಲ್ಲಿದ್ದುದನ್ನೆಲ್ಲ ಮೇಲೆತ್ತಿತು. ಅಂದು ಎರಡು ಸಾವಿರಕ್ಕೂ ಹೆಚ್ಚು ಭಾರೀ ಬಾಂಬರ್‌ಗಳು ಹಾರಿದವು. ಅದರ ಇತಿಹಾಸದಲ್ಲೇ ಅತಿದೊಡ್ಡ ದಾಳಿ ಅದು, ಮತ್ತು ಅದರ ತುದಿಯಲ್ಲಿದ್ದದ್ದು ಕ್ಯಾಸಲ್ ಅವರ ವಿಮಾನ. ಎಂಜಿನ್ ಕೆಟ್ಟು ಹಿಂದುಳಿದ ಅದನ್ನು ಜರ್ಮನ್ ಫೈಟರ್‌ಗಳು ಮುತ್ತಿದವು. ಬಾಂಬುಗಳನ್ನು ಕೆಳಗೆ ಬಿಸುಟಿದ್ದರೆ ವೇಗ ಹೆಚ್ಚುತ್ತಿತ್ತು, ಆದರೆ ಕೆಳಗಿದ್ದದ್ದು ಮಿತ್ರಸೈನ್ಯ. ಉಳಿದವರು ಧುಮುಕಲೆಂದು ಕ್ಯಾಸಲ್ ಚುಕ್ಕಾಣಿ ಹಿಡಿದು ಕುಳಿತರು, ವಿಮಾನದೊಡನೆ ಹೋದರು. ಹನ್ನೆರಡು ವಿಮಾನಗಳ ಮೊದಲ ದಾಳಿಯಿಂದ ಎರಡು ಸಾವಿರದ ಈ ದಾಳಿಯವರೆಗೆ ಕಳೆದದ್ದು ಇಪ್ಪತ್ತೆಂಟು ತಿಂಗಳು. ಮಾರುಕಟ್ಟೆ ಚೌಕದಲ್ಲಿ ಈ ಗುಂಪಿನ ನೆನಪಿನ ಫಲಕವಿದೆ; ಐಸ್‌ಕ್ರೀಮ್ ಮಾರುವ ಗಾಡಿಯೊಂದು ಅದಕ್ಕೆ ಅಡ್ಡವಾಗಿ ನಿಂತಿದ್ದರಿಂದ ಹುಡುಕಲು ಹೊತ್ತು ಹಿಡಿಯಿತು.

ಆರನೆಯ ದಿನ: ಹೆಂಡನ್

ಕೊನೆಯ ದಿನ ಲಂಡನ್ನಿನ ಹೆಂಡನ್‌ನಲ್ಲಿರುವ ಬ್ರಿಟಿಷ್ ವಾಯುಪಡೆಯ ಮ್ಯೂಸಿಯಂ. ಪ್ರವೇಶ ಉಚಿತ, ಕಾರು ನಿಲ್ಲಿಸಲು ಮಾತ್ರ ಹಣ. ನಾನು ನೋಡಬೇಕಿದ್ದದ್ದು ಒಂದೇ ವಿಮಾನ: ಕೆಎನ್751 ಸಂಖ್ಯೆಯ ಲಿಬರೇಟರ್. ಇದು ಎಂಟನೇ ವಾಯುಸೇನೆಯದಲ್ಲ, ಅದರ ದಾಯಾದಿ. ಬ್ರಿಟಿಷರ 99ನೇ ಸ್ಕ್ವಾಡ್ರನ್ ಪೂರ್ವದಲ್ಲಿ ಹಾರಿಸಿದ ಇದನ್ನು ಯುದ್ಧದ ನಂತರ ಕಾನ್ಪುರದ ಬಯಲಿಗೆ ತಂದು ಬಿಟ್ಟರು. ಅಮೆರಿಕದಿಂದ ಕಡವಾಗಿ ಪಡೆದ ಇಂಥ ವಿಮಾನಗಳನ್ನು ಇನ್ನೊಬ್ಬರು ಬಳಸಬಾರದೆಂದು ಅಲ್ಲಿ ಎಂಜಿನ್ನುಗಳಿಗೆ ಮರಳು ಸುರಿದರು, ಬುಲ್ಡೋಜರಿನಿಂದ ಗುದ್ದಿದರು. 1948ರಲ್ಲಿ ಭಾರತೀಯ ವಾಯುಪಡೆಗೆ ಬಾಂಬರ್ ಬೇಕಾದಾಗ ಎಚ್‌ಎಎಲ್‌ನವರು ಆ ರಾಶಿಯೊಳಗೆ ಇಳಿದರು. ತಕ್ಕಮಟ್ಟಿಗೆ ಹಾರುವಂತಾದುದನ್ನು ಟೆಸ್ಟ್ ಪೈಲಟ್ ಜಿಮ್ಮಿ ಮುನ್ಶಿ ಬೆಂಗಳೂರಿಗೆ ಹಾರಿಸಿಕೊಂಡು ಬರುತ್ತಿದ್ದರು. ಇಲ್ಲಿ ಅದನ್ನು ಪೂರ್ತಿ ಬಿಚ್ಚಿ ಮರುಕಟ್ಟುತ್ತಿದ್ದರು. ಹೀಗೆ ನಲವತ್ತರಷ್ಟು ಲಿಬರೇಟರ್‌ಗಳು ಎದ್ದವು, 1968ರವರೆಗೆ ಹಾರಿದವು. ಪಶ್ಚಿಮದ ದೇಶಗಳು ತಮ್ಮಲ್ಲಿದ್ದುದನ್ನೆಲ್ಲ ಕರಗಿಸಿ ಪಾತ್ರೆ ಮಾಡಿಕೊಂಡ ಮೇಲೆ, ಮ್ಯೂಸಿಯಂಗೊಂದು ಬೇಕೆಂದು ಭಾರತದ ಬಾಗಿಲು ತಟ್ಟಿದವು. ಈ ಕೆಎನ್751 ಬಂದದ್ದು 1974ರಲ್ಲಿ.

ರಾಶಿಯಲ್ಲಿ ನಿಂತಿದ್ದ ವಿಮಾನಗಳೊಳಗೆ ಹಾವು ಸೇರಿಕೊಂಡಿರುತ್ತಿತ್ತು, ಬಾಗಿಲು ತೆಗೆಯುವ ಮೊದಲು ತಗಡಿಗೆ ಸ್ಪ್ಯಾನರಿನಿಂದ ಬಡಿಯುತ್ತಿದ್ದೆವು ಎಂದು ತಂದೆಯವರು ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಅದನ್ನು ಉತ್ಪ್ರೇಕ್ಷೆ ಎಂದುಕೊಂಡಿದ್ದೆ. ಹ್ಯಾಂಗರಿನ ಮಬ್ಬು ಬೆಳಕಿನಲ್ಲಿ ಹಗ್ಗದ ಆಚೆ ನಿಂತಿದ್ದ ವಿಮಾನ ನನ್ನ ಕಲ್ಪನೆಗಿಂತ ಸಪೂರವಾಗಿತ್ತು, ಹೊಟ್ಟೆ ನೆಲಕ್ಕೆ ತೀರ ಹತ್ತಿರವಿತ್ತು. ಬಗ್ಗಿ ನೋಡಿದೆ. ರಿವೆಟ್‌ಗಳ ಸಾಲು ಒಂದೆಡೆ ನೇರವಾಗಿ ಬಂದು, ತೇಪೆ ಹಾಕಿದ ತಗಡಿನ ಬಳಿ ಸ್ವಲ್ಪ ಒತ್ತೊತ್ತಾಗಿ, ಮತ್ತೆ ನೇರವಾಗುತ್ತಿತ್ತು. ಅಮೆರಿಕದ ಕಾರ್ಖಾನೆಯದು ಯಾವುದು, ನಮ್ಮವರದು ಯಾವುದು ಎಂದು ಬಣ್ಣದ ಮೇಲಿಂದ ಹೇಳಲಾಗಲಿಲ್ಲ. “ಅಪ್ಪ, ಸಾಕು, ಬೆನ್ನು ಹಿಡಿದುಕೊಳ್ಳುತ್ತದೆ, ಏಳಿ,” ಎಂದು ಮಗಳು ಎರಡು ಸಲ ಕರೆದ ಮೇಲೆ ಎದ್ದೆ.